ನೆಗ್ಗಿಲ ಮುಳ್ಳು, ನೀರಿನ ಟಾಕಿ, ಎರಡು ಸೈಕಲ್

(ನಿವೃತ್ತರೂ ಸೈಕ್ಲಿಂಗ್ ಕಲಿಯುತ್ತಿರುವ ಹುಡುಗ ಹುಡುಗಿಯರೂ ಸೇರಿದ್ದ ವಿಜಯಪುರದ ಸಭೆಯೊಂದರಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಊರಿನಲ್ಲಿ ಸೈಕಲ್ ವಿಷಯ ಮಾತಾಡಲು ಒಂದಿಷ್ಟು ಧೈರ್ಯ ಬೇಕು. ನಸುಕಿನಲ್ಲೇ ಸೋಲಾಪುರ ರಸ್ತೆಗೆ, ಸಿಂದಗಿ ರಸ್ತೆಗೆ ಇಳಿಯುವ ಮಕ್ಕಳು ಇಲ್ಲಿ ಕೂತಿದ್ದೀರಿ. ವಿಜಯಪುರ, ಬಾಗಲಕೋಟೆ ಕಡೆಯ ಒಕ್ಕಲುತನದ ಮನೆಗಳಿಂದ ಬಂದು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದವರ ಸಾಲೇ ಇದೆ. ನಾನಾದರೋ ಗಂಟೆಗೆ ಹದಿನಾಲ್ಕು ಕಿಲೋಮೀಟರಿನವಳು, ಅದೂ ಗಾಳಿ ಬೆನ್ನ ಹಿಂದಿದ್ದರೆ. ವೇಗದ ಬಗ್ಗೆ ನನ್ನಿಂದ ನಿಮಗೆ ಕಲಿಯುವಂಥದ್ದು ಏನೂ ಇಲ್ಲ.

ನಾನು ಹೇಳಬೇಕೆಂದಿರುವ ಮಾತು ಒಂದೇ. ಅರವತ್ತು ದಾಟಿದ ಗಂಡ ಹೆಂಡತಿ ಮರುಭೂಮಿಯಲ್ಲಿ ಸೈಕಲ್ ಹೊಡೆಯಲು ಹೊರಟರೆ, ಎಷ್ಟು ದೂರ ಹೋಗಬಹುದು ಎಂಬುದನ್ನು ಕಾಲಿನ ಬಲ ತೀರ್ಮಾನಿಸುವುದಿಲ್ಲ, ನೀರು ತೀರ್ಮಾನಿಸುತ್ತದೆ. ಹೀಗಾಗಿ ನನ್ನ ಮಾತಿನಲ್ಲಿ ಸೈಕಲ್ಲಿಗಿಂತ ಟಾಕಿಯೇ ಹೆಚ್ಚು ಸಲ ಬರಬಹುದು, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಮಗಳು, ಅಳಿಯ ಇರುವುದು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸಿನಲ್ಲಿ. ನಮ್ಮ ವಯಸ್ಸಿನವರು ಅಮೆರಿಕಕ್ಕೆ ಯಾಕೆ ಹೋಗುತ್ತಾರೆ ಎಂದು ಎಲ್ಲರಿಗೂ ಗೊತ್ತು. ಬಾಣಂತನಕ್ಕೆ, ಮೊಮ್ಮಗನನ್ನು ನೋಡಿಕೊಳ್ಳಲಿಕ್ಕೆ. ಆ ಪಾಳಿಯೂ ಮುಗಿದಿತ್ತು. ಮೊಮ್ಮಗ ಶಾಲೆಗೆ ಹೋಗತೊಡಗಿದ್ದ. ಹಗಲು ಹೊತ್ತು ದೊಡ್ಡ ಮನೆಯಲ್ಲಿ ನಾವಿಬ್ಬರೇ. ಮಗಳು ಎರಡು ಹಳೆಯ ಗೇರ್ ಸೈಕಲ್ ಕೊಡಿಸಿದಳು. ಮನೆಯ ಹತ್ತಿರವೇ ಒಂದು ಕಾಲುವೆ ಇತ್ತು, ಅದರ ದಂಡೆಗುಂಟ ಹೊಡೆಯಲು ಶುರು ಮಾಡಿದೆವು.

ಆ ಕಾಲುವೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಫೀನಿಕ್ಸ್ ಇರುವುದು ಸೊನೋರನ್ ಮರುಭೂಮಿಯಲ್ಲಿ. ಹೊಹೊಕಾಂ ಎಂದು ಇಂದು ಕರೆಯಲಾಗುವ ಜನ ಅಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಸಾಲ್ಟ್ ನದಿಯಿಂದ ನೂರಾರು ಮೈಲಿ ಕಾಲುವೆ ತೋಡಿದ್ದರು. ಲೋಹದ ಸಲಿಕೆ ಇಲ್ಲ, ಎತ್ತಿಲ್ಲ, ಗಾಲಿಯಿಲ್ಲ. ಕಟ್ಟಿಗೆ, ಕಲ್ಲು, ಕೈ ಅಷ್ಟೆ. ಸುಮಾರು 1450ರ ಹೊತ್ತಿಗೆ ಅವರ ಊರುಗಳು ಖಾಲಿಯಾದವು. 1860ರ ದಶಕದಲ್ಲಿ ಬಂದ ವಲಸಿಗರು ಆ ಹಳೆಯ ಕಾಲುವೆಗಳ ಗುರುತು ಹಿಡಿದೇ ಮತ್ತೆ ನೀರು ಹರಿಸಿದರು. ಇಂದಿನ ನಗರ ಮತ್ತು ಸುತ್ತಲಿನ ಊರುಗಳಲ್ಲಿ ಸುಮಾರು 200 ಕಿಲೋಮೀಟರ್ ಕಾಲುವೆ ಇದೆ, ಬಹುಪಾಲು ದಂಡೆಯ ಮೇಲೆ ನಡೆಯುವವರಿಗೂ ಸೈಕಲ್ಲಿನವರಿಗೂ ದಾರಿ ಉಂಟು. ಮೊದಲ ದಿನ ನಮ್ಮನಿಯವರು ಅದನ್ನು ನೋಡಿ, "ನಮ್ಮ ತೊರವಿ ಸುರಂಗ ನೆನಪಾತು ನೋಡು" ಎಂದರು. ಆದಿಲ್‌ಶಾಹಿಯವರು ತೊರವಿಯ ಕಡೆಯಿಂದ ಊರಿಗೆ ನೆಲದಡಿ ಕೊರೆಸಿದ ಕರೇಜ್ ಬೇರೆ ಬಗೆಯ ಕೆಲಸ, ಪರ್ಷಿಯಾದ ಕಸುಬು. ಬಿಸಿಲಿಗೆ ನೀರು ಆವಿಯಾಗದಿರಲಿ ಎಂದು ಅವರು ಅದನ್ನು ಮಣ್ಣಿನೊಳಗೆ ತಂದರು, ಇವರು ಮೇಲೆ ಹರಿಸಿದರು. ಒಣ ನೆಲದಲ್ಲಿ ಊರು ಕಟ್ಟುವವರು ಮೊದಲು ನೀರಿನ ದಾರಿ ಕಟ್ಟಲೇಬೇಕು. ಇವತ್ತು ಫೀನಿಕ್ಸಿಗೆ ಕೊಲರಾಡೊ ನದಿಯ ನೀರು ಕೂಡ ಬರುತ್ತದೆ, 540 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ, ಪಂಪು ಇಟ್ಟು ಎತ್ತಿ ಎತ್ತಿ. ಆಲಮಟ್ಟಿಯಿಂದ ಏತ ನೀರಾವರಿ ಬರುವುದನ್ನು ಕಂಡ ನಮಗೆ ಇದು ಹೊಸದೇನಲ್ಲ.

ಚಳಿಗಾಲ ಮುಗಿಯುವುದರೊಳಗೆ ಆರ್‌ವಿ ಬಾಡಿಗೆಗೆ ತೆಗೆದುಕೊಂಡು ಮರುಭೂಮಿ ಸುತ್ತೋಣ ಎಂಬ ವಿಚಾರ ಅಳಿಯನದು. ನಮ್ಮನಿಯವರಿಗೆ ಎಡಗಡೆ ಸ್ಟಿಯರಿಂಗ್, ಬಲಗಡೆ ರಸ್ತೆ ಆಗಲೇ ರೂಢಿಯಾಗಿತ್ತು. ನನಗೆ ಕಾರೇ ಬಾರದು. ಆದ್ದರಿಂದ ಕೆಲಸ ತಾನೇ ಹಂಚಿಹೋಯಿತು: ಸ್ಟಿಯರಿಂಗ್ ಅವರದು, ಪೆಡಲ್ ನನ್ನದು. ಕ್ಯಾಂಪಿನ ಸುತ್ತ ಇಬ್ಬರೂ ಕೂಡಿ ಹೊಡೆಯುವುದು.

ಆರ್‌ವಿ ಎಂದರೆ ಲಾರಿಯ ಚಾಸಿಯ ಮೇಲೆ ಒಂದು ಮನೆ. ಮಂಚ, ಒಲೆ, ಫ್ರಿಜ್, ಪಾಯಖಾನೆ, ಮೈ ತೊಳೆಯಲು ಒಂದು ಮೂಲೆ. ಇಪ್ಪತ್ತೈದು ಅಡಿ ಮೀರಿದ ಉದ್ದ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಪುಣ್ಯ. ಮಂಚ ಒಲೆಗಳ ಫೋಟೊ ಎಲ್ಲರೂ ತೆಗೆದು ಕಳಿಸುತ್ತಾರೆ, ಆದರೆ ಆ ಮನೆಯ ಜೀವ ಇರುವುದು ನೆಲದ ಕೆಳಗೆ, ಮೂರು ಟಾಕಿಗಳಲ್ಲಿ. ಒಂದು ಶುದ್ಧ ನೀರಿನದು, ನಮ್ಮದರಲ್ಲಿ 150 ಲೀಟರಿನಷ್ಟು. ಎರಡನೆಯದು ಪಾತ್ರೆ ತೊಳೆದ, ಸ್ನಾನ ಮಾಡಿದ ಬೂದು ನೀರಿನದು. ಮೂರನೆಯದು ಪಾಯಖಾನೆಯದು, ಕಪ್ಪು ಟಾಕಿ. ಮೊದಲನೆಯದು ಬರಿದಾದಂತೆ ಉಳಿದೆರಡು ತುಂಬುತ್ತವೆ. ಯಾವ ತುದಿ ಮೊದಲು ಮುಟ್ಟಿದರೂ ನಿಮ್ಮ ಪ್ರವಾಸ ಅಲ್ಲಿಗೆ ನಿಂತಿತು. ಗಾಡಿ ತಿರುಗಿಸಿ ಟಾಕಿ ಖಾಲಿ ಮಾಡುವ ಜಾಗ ಹುಡುಕಲೇಬೇಕು, ಬೇರೆಲ್ಲೂ ಹರಿಬಿಡುವಂತಿಲ್ಲ.

ಆ ಟಾಕಿ ಖಾಲಿ ಮಾಡುವ ಕೆಲಸವನ್ನು ಇಲ್ಲಿ ವಿವರಿಸುವುದಿಲ್ಲ, ಊಟದ ಹೊತ್ತು ಹತ್ತಿರ ಬಂತು. ಕೈಗವಸು ಹಾಕಿಕೊಂಡು ನಮ್ಮನಿಯವರೇ ಮಾಡಿದರು. ಮೊದಲು ಕಪ್ಪು ಟಾಕಿ, ಆಮೇಲೆ ಬೂದು ಟಾಕಿ, ಕೊಳವೆ ತೊಳೆದು ಹೋಗಲಿ ಎಂದು. ಈ ಕ್ರಮ ತಪ್ಪಬಾರದು. ಜೀವಮಾನವಿಡೀ ಮಡಿ ಮೈಲಿಗೆ ಎಂದು ಬದುಕಿದ ನಮ್ಮತ್ತಿಯವರು ಇದ್ದಿದ್ದರೆ ಮಗನನ್ನು ಆ ಅವತಾರದಲ್ಲಿ ನೋಡಿ ಏನೆನ್ನುತ್ತಿದ್ದರೋ.

ನಳ ಬಿಡುವ ದಿನಕ್ಕೆ ಕಾದು ಕೊಡ ತುಂಬಿಕೊಂಡು ಸಂಸಾರ ಮಾಡಿದವಳಿಗೆ 150 ಲೀಟರು ಬಡತನ ಅನ್ನಿಸಲಿಲ್ಲ. ಕ್ಯಾಂಪಿನಲ್ಲಿ ಪಕ್ಕದ ಗಾಡಿಯವರು ಎರಡು ದಿನಕ್ಕೆ ಮುಗಿಸುತ್ತಿದ್ದ ನೀರಿನಲ್ಲಿ ನಾವು ಹೆಚ್ಚು ದಿನ ನಡೆಸಿದೆವು. ಅದರ ಗುಟ್ಟು ಖಡಕ್ ರೊಟ್ಟಿ. ಊರಿನಿಂದ ಒಯ್ದದ್ದಿತ್ತು, ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ರೊಟ್ಟಿಗೆ ಒಲೆ ಬೇಡ. ಹಿಟ್ಟು ನಾದಿದ ಪರಾತ ತೊಳೆಯುವ ಕೆಲಸವಿಲ್ಲ, ಹಂಚು ತಿಕ್ಕುವ ಕೆಲಸವಿಲ್ಲ. ಮರುಭೂಮಿಯ ಗಾಳಿಯಲ್ಲಿ ಅದು ಮೆತ್ತಗಾಗುವುದೂ ಇಲ್ಲ. ಅಡುಗೆಯಲ್ಲಿ ನಾವು ಕುಡಿಯುವ ನೀರಿಗಿಂತ ತೊಳೆಯುವ ನೀರೇ ಹೆಚ್ಚು, ಅದನ್ನು ಅಲ್ಲಿ ಅಳೆದು ನೋಡಿದಾಗ ತಿಳಿಯಿತು. ಅಮೆರಿಕದವರು ಜೋಳವನ್ನು ಜಗತ್ತಿನಲ್ಲೇ ಹೆಚ್ಚು ಬೆಳೆಯುವವರ ಸಾಲಿನಲ್ಲಿದ್ದಾರೆ, ಆದರೆ ಬಹುತೇಕ ದನದ ಮೇವಿಗೆ, ಇಂಧನಕ್ಕೆ, ರಫ್ತಿಗೆ ಹೋಗುತ್ತದೆ. ನಮ್ಮ ರೊಟ್ಟಿ ತಿಂದು ನೋಡಿದ ಪಕ್ಕದ ಗಾಡಿಯ ಅಜ್ಜ ಮಾತ್ರ ಇನ್ನೊಂದು ಕೇಳಿ ಇಸಿದುಕೊಂಡ.

ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ವಯಸ್ಸಿನವರು ಎಲ್ಲರೂ ಕೇಳುತ್ತಾರೆ: ಬ್ಯಾಟರಿ ಸೈಕಲ್ ಯಾಕೆ ಒಯ್ಯಲಿಲ್ಲ ಅಂತ. ಇಲ್ಲಿಂದ ವಿಮಾನದಲ್ಲಿ ಒಯ್ಯಲು ಆಗುವುದಿಲ್ಲ, ಅಷ್ಟು ದೊಡ್ಡ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರಿಗೆ ಬಿಡುವುದಿಲ್ಲ. ಅಲ್ಲಿ ಬಾಡಿಗೆಗೆ ಸಿಗುತ್ತದೆ, ಖರೆ. ಆದರೆ ಕರೆಂಟಿಲ್ಲದ ಬಯಲಿನಲ್ಲಿ ಗಾಡಿ ನಿಲ್ಲಿಸಿದರೆ ಇರುವುದು ಗಾಡಿಯ ಮನೆಯೊಳಗಿನ 12 ವೋಲ್ಟ್ ಬ್ಯಾಟರಿ ಒಂದೇ. 100 ಆಂಪಿಯರ್ ಅವರ್ ಎಂದರೆ 1200 ವ್ಯಾಟ್ ಅವರ್. ಸೀಸ ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಉಳಿಯಿತು 600. ಒಂದು ಸೈಕಲ್ಲಿನ ಬ್ಯಾಟರಿಯೇ 500 ತಿನ್ನುತ್ತದೆ. ಒಬ್ಬರ ಸೈಕಲ್ ಚಾರ್ಜ್ ಮಾಡಿದರೆ ರಾತ್ರಿ ದೀಪ, ನೀರಿನ ಪಂಪು, ಹೀಟರಿನ ಫ್ಯಾನು ಎಲ್ಲಕ್ಕೂ ಕೈ ಮುಗಿಯಬೇಕು. ಜನರೇಟರ್ ಇದೆ, ಆದರೆ ಕ್ಯಾಂಪುಗಳಲ್ಲಿ ಅದಕ್ಕೆ ಹೊತ್ತು ಗೊತ್ತು ಮಾಡಿರುತ್ತಾರೆ, ಸಪ್ಪಳವೂ ವಿಪರೀತ. ಸಾದಾ ಗೇರ್ ಸೈಕಲ್ಲೇ ಇರಲಿ ಎಂದೆವು.

ಮೊದಲ ನಿಲುಗಡೆ ಟೂಸಾನ್. ಅಲ್ಲಿಯ ಸಗ್ವಾರೊ ರಾಷ್ಟ್ರೀಯ ಉದ್ಯಾನದ ಪೂರ್ವ ಭಾಗದಲ್ಲಿ ಎಂಟು ಮೈಲಿಯ ಒಂದು ಸುತ್ತು ರಸ್ತೆ ಇದೆ, ಸುಮಾರು ಹದಿಮೂರು ಕಿಲೋಮೀಟರ್. ಡಾಂಬರು ರಸ್ತೆ, ಹೆಚ್ಚಿನ ಭಾಗ ಏಕಮುಖ, ಏರುಪೇರು ಬಹಳ. ಎರಡೂ ಬದಿಗೆ ಸಗ್ವಾರೊ ಕಳ್ಳಿ, ಮನೆಯೆತ್ತರಕ್ಕಿಂತ ಎತ್ತರ, ಮೇಲೆತ್ತಿದ ಕೈಗಳು. ಮೊದಲ ಎಂಟು ವರ್ಷ ಅದು ಬೆಳೆಯುವುದು ಒಂದೋ ಒಂದೂವರೆ ಅಂಗುಲ. ಮೊದಲ ಕೈ ಮೂಡಲು 50ರಿಂದ 75 ವರ್ಷ, ಮಳೆ ಕಡಿಮೆ ಇರುವಲ್ಲಿ ನೂರಾದರೂ ಆದೀತು. 150 ವರ್ಷ ದಾಟಿ ಬದುಕುವುದು ವಿಶೇಷವಲ್ಲ. ಕಾಂಡದ ಮೇಲೆ ಉದ್ದಕ್ಕೆ ನೆರಿಗೆ ಇರುತ್ತವೆ, ಮಳೆ ಬಿದ್ದರೆ ನೆರಿಗೆ ಬಿಚ್ಚಿಕೊಂಡು ಕಾಂಡ ಉಬ್ಬುತ್ತದೆ, ಒಣಗಿದರೆ ಮತ್ತೆ ಮಡಚಿಕೊಳ್ಳುತ್ತದೆ. ಒಂದು ಏರಿನಲ್ಲಿ ನಾನು ಇಳಿದು ಸೈಕಲ್ ತಳ್ಳುತ್ತಿದ್ದೆ. ನಮ್ಮನಿಯವರು ಕೈಯಿಲ್ಲದ ಒಂದು ಕಳ್ಳಿಯನ್ನು ತೋರಿಸಿ ಹೇಳಿದರು: "ನಮ್ಮ ವಯಸ್ಸಾತು ಇದಕ್ಕ, ಇನ್ನೂ ಕೈ ಬಂದಿಲ್ಲ. ನೀ ಯಾಕ ಅವಸರ ಮಾಡ್ತಿ?" ಅವಸರ ಮಾಡುತ್ತಿದ್ದವರು ಯಾರು ಎಂದು ಈಗ ಸಭೆಯಲ್ಲಿ ಚರ್ಚೆ ಬೇಡ.

ಟೂಸಾನಿನಲ್ಲೇ ನನ್ನ ಹಿಂದಿನ ಗಾಲಿ ಕುಸ್ಸೆಂದಿತು. ಬಗ್ಗಿ ನೋಡಿದರೆ ಟಾಯರಿನಲ್ಲಿ ನೆಗ್ಗಿಲು ಮುಳ್ಳು! ನಮ್ಮ ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುವ ಅದೇ ನೆಗ್ಗಿಲು. ಹಳದಿ ಹೂ, ನೆಲಕ್ಕಂಟಿ ಹಬ್ಬುವ ಬಳ್ಳಿ, ಯಾವ ಕಡೆ ಬಿದ್ದರೂ ಒಂದು ಮುಳ್ಳು ಮೇಲೆ ನಿಲ್ಲುವ ಕಾಯಿ. ಟ್ರಿಬುಲಸ್ ಟೆರೆಸ್ಟ್ರಿಸ್ ಎಂದು ನಾನೇ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವಳು. ಅದು ಅಮೆರಿಕದ ಗಿಡವೇ ಅಲ್ಲ. ಏಷ್ಯಾ, ಆಫ್ರಿಕಾ, ಮೆಡಿಟರೇನಿಯನ್ ಕಡೆಯ ಗಿಡ, ಇಪ್ಪತ್ತನೆಯ ಶತಮಾನ ಶುರುವಾಗುವ ಹೊತ್ತಿಗೆ ಕ್ಯಾಲಿಫೋರ್ನಿಯಾ ತಲುಪಿತ್ತು. ಆಮೇಲೆ ರಸ್ತೆ ಬದಿ, ರೈಲು ಹಳಿ, ಹೊಲ ಎಲ್ಲ ಕಡೆ ಹರಡಿ, ಸೈಕಲ್ಲಿನವರ ಪಾಲಿಗೆ ಶನಿಯಾಯಿತು. ಎಷ್ಟರ ಮಟ್ಟಿಗೆಂದರೆ, 1961ರಲ್ಲಿ ಇಟಲಿಯಿಂದ ಎರಡು ಬಗೆಯ ಮೂತಿ ಹುಳುಗಳನ್ನು ತಂದು ಬಿಟ್ಟರು. ಒಂದು ಕಾಯಿಯೊಳಗಿನ ಬೀಜ ತಿನ್ನುತ್ತದೆ, ಇನ್ನೊಂದು ಕಾಂಡ ಕೊರೆಯುತ್ತದೆ. ನೆಗ್ಗಿಲಿನ ಹಾವಳಿ ತಗ್ಗಿತು, ಗಿಡ ಮಾತ್ರ ಹೋಗಲಿಲ್ಲ.

ಇದಕ್ಕೆ ಎದುರು ಲೆಕ್ಕವೂ ಇದೆ. ನೆರಳು ಹುಡುಕಿ ಪಂಕ್ಚರ್ ತಿದ್ದಲು ಕೂತದ್ದು ಯಾವ ಮರದ ಕೆಳಗೆ ಗೊತ್ತೇ? ಮೆಸ್ಕೀಟ್. ನಮ್ಮ ಬಳ್ಳಾರಿ ಜಾಲಿಯ ಒಡಹುಟ್ಟು. ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಬರಡು ನೆಲಕ್ಕೆ ಹಸಿರು, ಉರುವಲು ಆಗಲಿ ಅಂತ. ನಮ್ಮ ಕೆರೆಯಂಗಳ, ಹಳ್ಳದ ದಂಡೆ ಎಲ್ಲವನ್ನೂ ಅದು ನುಂಗಿ ಕೂತಿರುವುದನ್ನು ದಿನಾ ನೋಡುತ್ತೀರಿ. ಅಲ್ಲಿ ಅದರ ಬಂಧುವಿಗೆ ದೊಡ್ಡ ಮರ್ಯಾದೆ. ಮರುಭೂಮಿಯ ಮೂಲನಿವಾಸಿಗಳು ಅದರ ಸಿಹಿ ಕಾಯಿಯನ್ನು ಕುಟ್ಟಿ ಹಿಟ್ಟು ಮಾಡಿ ತಲೆಮಾರುಗಟ್ಟಲೆ ಉಂಡಿದ್ದಾರೆ, ಇವತ್ತಿಗೂ ಆ ಹಿಟ್ಟು ಮಾರುತ್ತಾರೆ. ನಾವು ಅವರಿಗೆ ಮುಳ್ಳು ಕೊಟ್ಟೆವು, ಅವರು ನಮಗೆ ಮುಳ್ಳು ಕೊಟ್ಟರು. ಆದರೆ ತಮ್ಮ ಮುಳ್ಳಿನ ಕಾಯಿ ತಿನ್ನುವುದು ಹೇಗೆಂದು ಹೇಳಿಕೊಡಲಿಲ್ಲ.

ಅಲ್ಲಿಂದ ಪಶ್ಚಿಮಕ್ಕೆ ಕ್ವಾರ್ಟ್ಸೈಟ್ ಎಂಬ ಸಣ್ಣ ಊರು. ಬೇಸಿಗೆಯಲ್ಲಿ ಅಲ್ಲಿ ಎರಡು ಮೂರು ಸಾವಿರ ಜನ ಇರಬಹುದು. ಚಳಿಗಾಲದಲ್ಲಿ ಉತ್ತರದ ಹಿಮದ ರಾಜ್ಯಗಳಿಂದ, ಕೆನಡಾದಿಂದ ನಿವೃತ್ತರು ಆರ್‌ವಿ ಹೊಡೆದುಕೊಂಡು ಬಂದು ಸುತ್ತಲಿನ ಸರ್ಕಾರಿ ಬಯಲಿನಲ್ಲಿ ಬೀಡು ಬಿಡುತ್ತಾರೆ. ಗಾಡಿಗಳೇ ಗಾಡಿಗಳು, ಕಣ್ಣು ಹಾಯುವವರೆಗೂ. ನೀರಿನ ನಳ, ಕರೆಂಟು ಯಾವುದೂ ಗಾಡಿಯ ಹತ್ತಿರ ಇರುವುದಿಲ್ಲ, ನಮ್ಮ ಟಾಕಿ ನಮಗೆ. ಅಲ್ಲಿ ನಮ್ಮಂಥ ಮುದುಕ ಮುದುಕಿಯರೇ ಬಹುಮತ. ಅಕ್ಕಪಕ್ಕದವರು ಸಂಜೆ ಕುರ್ಚಿ ಹಾಕಿಕೊಂಡು ಕೂತು ಮಾತಾಡುವುದು ಮೊಳಕಾಲು ನೋವು, ಬಿ.ಪಿ., ಮಕ್ಕಳ ಸುದ್ದಿ. ಭಾಷೆಯೊಂದು ಬೇರೆ, ಉಳಿದದ್ದೆಲ್ಲ ನಮ್ಮ ಓಣಿಯ ಕಟ್ಟೆಯೇ.

ಆ ಊರಿನ ಗೋರಿಸ್ಥಾನದಲ್ಲಿ ಕಲ್ಲಿನ ಸಣ್ಣ ಪಿರಮಿಡ್ ಒಂದಿದೆ, ತುದಿಯಲ್ಲಿ ತಾಮ್ರದ ಒಂಟೆ. ಅದು ಹಾಜಿ ಅಲಿ ಎಂಬವನ ಸಮಾಧಿ. ಅಮೆರಿಕದವರ ನಾಲಿಗೆಗೆ ಆ ಹೆಸರು ಹೊರಳದೆ "ಹೈ ಜಾಲಿ" ಆಗಿಹೋಯಿತು. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಮರುಭೂಮಿಯಲ್ಲಿ ಸಾಮಾನು ಸಾಗಿಸಲು ಒಂಟೆಗಳನ್ನು ತರಿಸಿತು, ಜೊತೆಗೆ ಒಂಟೆ ಪಳಗಿಸುವವರನ್ನೂ. 1856ರಲ್ಲಿ ಟೆಕ್ಸಸ್ ಬಂದರಿಗೆ ಬಂದಿಳಿದ ಸಿರಿಯಾ ಕಡೆಯ ಹಾಜಿ ಅಲಿ ಅವರಲ್ಲೊಬ್ಬ. ಒಂಟೆಗಳು ಚೆನ್ನಾಗಿಯೇ ದುಡಿದವು. ಆದರೆ ಹೇಸರಗತ್ತೆಗಳಿಗೂ ಸೈನಿಕರಿಗೂ ಅವನ್ನು ಕಂಡರಾಗಲಿಲ್ಲ, ಅಷ್ಟರಲ್ಲಿ ಅಂತರ್ಯುದ್ಧ ಬಂತು, ಪ್ರಯೋಗ ಬಿದ್ದುಹೋಯಿತು. ಒಂಟೆಗಳನ್ನು ಹರಾಜು ಹಾಕಿದರು, ಕೆಲವು ಬಯಲಿಗೆ ಸೇರಿದವು. ಹಾಜಿ ಅಲಿ ಅಲ್ಲೇ ಉಳಿದು 1902ರಲ್ಲಿ ತೀರಿಕೊಂಡ. ಗುಮ್ಮಟದ ಊರಿನ ನಮಗೆ ಗೋರಿಗಳ ಗಾತ್ರದಿಂದ ಬೆರಗಾಗುವುದಿಲ್ಲ. ಆದರೂ ಆ ಪುಟ್ಟ ಪಿರಮಿಡ್ಡಿನ ಮುಂದೆ ಸೈಕಲ್ ಒರಗಿಸಿ ಬಹಳ ಹೊತ್ತು ನಿಂತೆವು. ನೀರು ಕಡಿಮೆ ಕುಡಿದು ದೂರ ಹೋಗುವ ಪ್ರಾಣಿ ಬೇಕೆಂದು ಸಮುದ್ರ ದಾಟಿ ತರಿಸಿದವರು, ಅದು ಸಿಕ್ಕ ಮೇಲೆ ಕೈ ಬಿಟ್ಟರಲ್ಲ!

ಈಗ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನ. ನಾನು ನಿಜವಾಗಿ ಮಾತಾಡಬೇಕೆಂದು ಬಂದದ್ದು ಇದರ ಬಗ್ಗೆ. ದಾರಿಯಲ್ಲಿ ಬೇಕರ್ ಎಂಬಲ್ಲಿ 134 ಅಡಿ ಎತ್ತರದ ಒಂದು ಥರ್ಮಾಮೀಟರ್ ನಿಲ್ಲಿಸಿದ್ದಾರೆ. 134 ಯಾಕೆಂದರೆ 1913ರ ಜುಲೈ 10ರಂದು ಡೆತ್ ವ್ಯಾಲಿಯ ಫರ್ನೇಸ್ ಕ್ರೀಕಿನಲ್ಲಿ ದಾಖಲಾದ ಉಷ್ಣಾಂಶ 134 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 56.7 ಸೆಲ್ಸಿಯಸ್. ಏಪ್ರಿಲ್ ಮೇ ತಿಂಗಳಲ್ಲಿ 42, 43ಕ್ಕೆ ನಾವು ಅಂಗಡಿ ಬಾಗಿಲು ಎಳೆದುಕೊಳ್ಳುತ್ತೇವೆ. ಆ ನೆಲಕ್ಕೆ ಬೇಸಿಗೆಯಲ್ಲಿ ಸೈಕಲ್ ಒಯ್ಯುವ ವಿಚಾರವನ್ನೇ ಮಾಡಬೇಡಿ. ನವೆಂಬರಿನಿಂದ ಮಾರ್ಚ್, ಅಷ್ಟೇ.

ವಿಜಯಪುರಕ್ಕೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ. ಟೂಸಾನಿಗೆ ಅದರ ಅರ್ಧ. ಡೆತ್ ವ್ಯಾಲಿಯ ತಳಕ್ಕೆ ಸುಮಾರು 50. ಅಲ್ಲಿ ತೆರೆದ ನೀರು ಇಟ್ಟರೆ ವರ್ಷಕ್ಕೆ ನಾಲ್ಕು ಮೀಟರಿನ ಹತ್ತಿರ ಆವಿಯಾಗುವಷ್ಟು ಒಣಗಾಳಿ. ಹಾಗಂತ ನೀರು ಬರುವುದೇ ಇಲ್ಲ ಎಂದಲ್ಲ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಉಳಿಕೆ ಬಂದು ಒಂದೇ ದಿನ 56 ಮಿಲಿಮೀಟರ್ ಸುರಿಯಿತು. ವರ್ಷದ ಮಳೆ ಒಂದು ದಿನಕ್ಕೆ. ರಸ್ತೆಗಳು ಕಿತ್ತುಹೋಗಿ ಉದ್ಯಾನವನ್ನು ಸುಮಾರು ಎರಡು ತಿಂಗಳು ಮುಚ್ಚಬೇಕಾಯಿತು, ತಳದ ಉಪ್ಪಿನ ಬಯಲಿನಲ್ಲಿ ಕೆರೆ ನಿಂತು ಮರುವರ್ಷದ ಫೆಬ್ರವರಿಯಲ್ಲಿ ಜನ ದೋಣಿ ಹಾಕಿದರು. ನಮ್ಮ ಡೋಣಿ ಹೊಳೆ ಸಾಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲೋ ಮೇಲೆ ಮಳೆ, ಇಲ್ಲಿ ಹೊಳೆ.

ಫರ್ನೇಸ್ ಕ್ರೀಕ್ ಸಮುದ್ರ ಮಟ್ಟಕ್ಕಿಂತ ಸುಮಾರು 58 ಮೀಟರ್ ಕೆಳಗಿದೆ. ಅಲ್ಲಿಂದ ದಕ್ಷಿಣಕ್ಕೆ 27 ಕಿಲೋಮೀಟರ್ ಹೋದರೆ ಬ್ಯಾಡ್‌ವಾಟರ್, 86 ಮೀಟರ್ ಕೆಳಗೆ, ಉತ್ತರ ಅಮೆರಿಕದಲ್ಲೇ ತಗ್ಗಿನ ಜಾಗ. ಆ ರಸ್ತೆಯನ್ನು ನಾನು ಸೈಕಲ್ ಮೇಲೆ ಮಾಡಿದೆ. ಸೂರ್ಯ ಹುಟ್ಟುವ ಮೊದಲೇ ಹೊರಟೆ. ನಮ್ಮನಿಯವರು ಎಂಟು ಕಿಲೋಮೀಟರ್ ಮುಂದೆ ಹೋಗಿ, ರಸ್ತೆ ಬದಿಯ ಅಗಲದ ಜಾಗದಲ್ಲಿ ಗಾಡಿ ನಿಲ್ಲಿಸಿ ಕಾಯುವುದು. ನಾನು ಮುಟ್ಟಿದ ಮೇಲೆ ನೀರು, ಉಪ್ಪು ಹಾಕಿದ ಮಜ್ಜಿಗೆ, ಎರಡು ಖರ್ಜೂರ. ಮತ್ತೆ ಅವರು ಮುಂದೆ. ಅಲ್ಲಿ ಮೊಬೈಲ್ ಸಿಗ್ನಲ್ ಬಹುಪಾಲು ಇಲ್ಲ, ಆದ್ದರಿಂದ ಕರಾರು ಮೊದಲೇ ಆಗಿತ್ತು: ಮುಕ್ಕಾಲು ಗಂಟೆಯಲ್ಲಿ ನಾನು ಕಾಣದಿದ್ದರೆ ಅವರು ಹಿಂದೆ ಬರಬೇಕು, ನಾನು ಎಲ್ಲಿದ್ದೇನೋ ಅಲ್ಲೇ ಇರಬೇಕು, ಅಡ್ಡದಾರಿ ಹಿಡಿಯಬಾರದು.

ಈ ಏರ್ಪಾಡು ಯಾಕೆ ಬೇಕು ಎಂಬುದನ್ನು ಹಳೆಯ ಮಾಸ್ತರಿಕೆಯ ಹುಕಿಯಲ್ಲಿ ಸ್ವಲ್ಪ ಬಿಡಿಸುತ್ತೇನೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 2400 ಕಿಲೋಜೂಲ್ ಶಾಖ ಒಯ್ಯುತ್ತದೆ. ಒಣ ಮರುಭೂಮಿಯಲ್ಲಿ ಅದು ಬಹಳ ಚೆನ್ನಾಗಿ ನಡೆಯುತ್ತದೆ, ಎಷ್ಟು ಚೆನ್ನಾಗಿ ಎಂದರೆ ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ಅಂಗಿ ಒಣಗಿಯೇ ಇರುತ್ತದೆ, ತೋಳಿನ ಮೇಲೆ ಬಿಳಿ ಉಪ್ಪು ಮಾತ್ರ ಕೈಗೆ ಹತ್ತುತ್ತದೆ. ಮಂಗಳೂರಿನಲ್ಲಿ ಮೈ ತೊಯ್ದು ತಪ್ಪಡಿಯಾದರೆ ನೀರು ಹೋಗುತ್ತಿದೆ ಎಂದು ತಿಳಿಯುತ್ತದೆ, ಇಲ್ಲಿ ಆ ಸುಳಿವು ಇಲ್ಲ. ಇನ್ನು ನಮ್ಮ ವಯಸ್ಸು. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮೊಂಡಾಗುತ್ತದೆ, ಮೂತ್ರಪಿಂಡವೂ ನೀರು ಹಿಡಿದಿಡುವುದರಲ್ಲಿ ಮೊದಲಿನಷ್ಟು ಚುರುಕಿರುವುದಿಲ್ಲ. ಬಿ.ಪಿ.ಗೆ ನೀರು ಹೊರಹಾಕುವ ಗುಳಿಗೆ ತೆಗೆದುಕೊಳ್ಳುವವರು ಈ ಸಭೆಯಲ್ಲೇ ಎಷ್ಟೋ ಮಂದಿ ಇದ್ದೀರಿ. ಸುಳಿವು ಕೊಡದ ಗಾಳಿ, ಸುಳಿವು ಕೊಡದ ಮೈ, ಎರಡೂ ಕೂಡಿದರೆ ಬಾಯಾರಿಕೆಯನ್ನು ನಂಬಿ ಕೂಡುವಂತಿಲ್ಲ. ಗಡಿಯಾರ ನೋಡಿ ಗುಟುಕರಿಸಬೇಕು. ಹಾಗಂತ ಬರೀ ನೀರನ್ನೇ ಕುಡಿದು ಕುಡಿದು ಹೊಟ್ಟೆ ತುಂಬಿಸಿದರೆ ರಕ್ತದ ಸೋಡಿಯಂ ಇಳಿಯುತ್ತದೆ, ಅದೂ ಜೀವಕ್ಕೆ ಅಪಾಯ. ಮಜ್ಜಿಗೆಗೆ ಉಪ್ಪು ಹಾಕುವ ನಮ್ಮ ರೂಢಿ ಇಲ್ಲಿ ಕೆಲಸಕ್ಕೆ ಬಂತು. ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಗುಳಿಗೆಯ ವಿಷಯವನ್ನಂತೂ ಕೇಳಲೇಬೇಕು. ಅಲ್ಲಿಯ ಉದ್ಯಾನದವರು ಒಬ್ಬರಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರಿನ ಹತ್ತಿರ ನೀರು ಇಟ್ಟುಕೊಳ್ಳಿ ಎನ್ನುತ್ತಾರೆ. ಸೈಕಲ್ಲಿಗೆ ಎರಡು ಬಾಟಲಿ ಸಿಕ್ಕಿಸಿದರೆ ಒಂದೂವರೆ ಲೀಟರು. ಉಳಿದದ್ದನ್ನು ಹೊರುವವರು ಯಾರು? ಅದಕ್ಕೇ ಗಾಡಿ. ನಲವತ್ತು ಕಿಲೋಮೀಟರ್ ಹೊಡೆಯುವ ಶಕ್ತಿ ನನ್ನ ಕಾಲಿನಲ್ಲಿ ಇತ್ತು, ನಲವತ್ತು ಕಿಲೋಮೀಟರಿನ ನೀರು ಹೊರುವ ಶಕ್ತಿ ಬೆನ್ನಿಗೆ ಇರಲಿಲ್ಲ.

ಬ್ಯಾಡ್‌ವಾಟರಿನಲ್ಲಿ ನಿಂತರೆ ಹಿಂದಿನ ಬಂಡೆಯ ಮೇಲೆ ಬಹಳ ಎತ್ತರದಲ್ಲಿ ಒಂದು ಫಲಕ ಕಾಣುತ್ತದೆ, ಸಮುದ್ರ ಮಟ್ಟ ಅಲ್ಲಿ ಅಂತ. ಎದುರಿಗೆ 3366 ಮೀಟರಿನ ಟೆಲಿಸ್ಕೋಪ್ ಶಿಖರ, ನಾವು ಹೋದಾಗ ಹಿಮವಿತ್ತು. ನೆಲದ ಮೇಲೆ ಆರೇಳು ಮೂಲೆಯ ಉಪ್ಪಿನ ಬಿಲ್ಲೆಗಳು. ನಾನು ಸೈಕಲ್ಲನ್ನು ಕಾರು ನಿಲ್ಲಿಸುವಲ್ಲೇ ಬಿಟ್ಟು ನಡೆದೆ. ಆ ಉದ್ಯಾನದ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ನೆಲ 1964ರ ವೈಲ್ಡರ್‌ನೆಸ್ ಕಾಯ್ದೆಯಡಿ ಇದ್ದ ಹಾಗೇ ಕಾಪಾಡಿದ ನೆಲ, ಅಲ್ಲಿ ಗಾಲಿಯ ಯಾವ ವಾಹನವೂ ಹೋಗುವಂತಿಲ್ಲ, ಸೈಕಲ್ ಕೂಡ. ವಾಹನ ಓಡುವ ರಸ್ತೆಗಳಲ್ಲಿ ಸೈಕಲ್ಲಿಗೆ ಅಡ್ಡಿಯಿಲ್ಲ, ಕಾಲುದಾರಿಯಲ್ಲಿ ಬಿಡುವುದಿಲ್ಲ. ಈ ನಿಯಮ ನನಗೆ ಸರಿಯೆನಿಸಿತು. ನಮ್ಮ ಸ್ಮಾರಕಗಳ ಹುಲ್ಲಿನ ಮೇಲೆ ಬೈಕು ಏರಿಸುವವರನ್ನು ನೋಡಿದಾಗ ಇನ್ನೂ ಸರಿಯೆನಿಸುತ್ತದೆ.

ದೊಡ್ಡ ಗಾಡಿಗೆ ಬಾಗಿಲು ಹಾಕಿ ಸೈಕಲ್ಲಿಗೆ ತೆರೆದ ರಸ್ತೆಯೂ ಒಂದಿದೆ, ಆರ್ಟಿಸ್ಟ್ಸ್ ಡ್ರೈವ್. ಒಂಬತ್ತು ಮೈಲಿ, ಏಕಮುಖ, ಬೆಟ್ಟದ ಮಡಿಲಲ್ಲಿ ಇಕ್ಕಟ್ಟಿನ ತಿರುವುಗಳು. 25 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವಿಲ್ಲ. ನಮ್ಮ ಗಾಡಿಯನ್ನು ಹೊರಗೆ ನಿಲ್ಲಿಸಿ ಇಬ್ಬರೂ ಸೈಕಲ್ ಹತ್ತಿದೆವು, ಬೆನ್ನಿಗೆ ನೀರಿನ ಚೀಲ. ಅರ್ಧದಷ್ಟು ಏರನ್ನು ತಳ್ಳಿಕೊಂಡೇ ಹೋದೆವು. ಕಬ್ಬಿಣದ ಅಂಶವಿದ್ದಲ್ಲಿ ಗುಲಾಬಿ, ಹಳದಿ, ಮ್ಯಾಂಗನೀಸ್ ಇದ್ದಲ್ಲಿ ನೇರಳೆ, ಜ್ವಾಲಾಮುಖಿಯ ಬೂದಿಗಲ್ಲು ಕರಗಿದಲ್ಲಿ ಹಸಿರು. ಇಳಕಲ್ ಸೀರೆಯಂಗಡಿಯಲ್ಲಿ ಗಂಟು ಬಿಚ್ಚಿ ಹಾಸಿದಂತೆ ಗುಡ್ಡ. ಕಾರಿನವರು ಒಂದು ತಿರುವಿನಲ್ಲಿ ಇಳಿದು ಫೋಟೊ ತೆಗೆದು ಹೋಗಿಬಿಡುತ್ತಿದ್ದರು. ಗಂಟೆಗೆ ಐದು ಕಿಲೋಮೀಟರಿನಲ್ಲಿ ತಳ್ಳುತ್ತಿದ್ದ ನಮಗೆ ಬಿಸಿಲು ಸರಿದಂತೆ ಬಣ್ಣ ಬದಲಾಗುವುದು ಕಂಡಿತು. ಇನ್ನೊಂದು ಮಾತು. ಆರ್‌ವಿಯೊಳಗೆ ಕೂತು ಮರುಭೂಮಿ ನೋಡಿದೆ ಎನ್ನುವವರನ್ನು ನಾನು ನಂಬುವುದಿಲ್ಲ. ಎ.ಸಿ., ಗಾಜು, ಎಂಜಿನ್ ಸಪ್ಪಳ, ಒಳಗೆ ಟೀ ಕಪ್ಪು. ಅದು ಮಲಗಲು, ಉಣ್ಣಲು, ನೀರು ಹೊರಲು ಒಳ್ಳೆಯದು. ನೋಡಲು ಇಳಿಯಬೇಕು.

ಖರ್ಚಿನ ಬಗ್ಗೆ ಹೇಳುವುದು ಕಡಿಮೆ, ಅಳಿಯ ನಮಗೆ ಪೂರ್ತಿ ಲೆಕ್ಕ ತೋರಿಸಲೇ ಇಲ್ಲ. ಒಂದು ಮಾತ್ರ ತಿಳಿದಿರಲಿ. 62 ತುಂಬಿದವರಿಗೆ ರಾಷ್ಟ್ರೀಯ ಉದ್ಯಾನಗಳ ಅಗ್ಗದ ಪಾಸ್ ಇದೆ, ಆದರೆ ಅದು ಆ ದೇಶದ ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ. ವಿಜಯಪುರದಲ್ಲಿ ಮುದುಕರಾದವರಿಗೆ ಅಲ್ಲಿ ರಿಯಾಯಿತಿ ಇಲ್ಲ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಹಿಂದಿನ ಸಾಲಿನ ಹಿರಿಯರೊಬ್ಬರು, "ಅಕ್ಕಾರ, ಅಮೆರಿಕ ಬಿಡ್ರಿ. ಇಲ್ಲೇ ನಾವು ಗಂಡ ಹೆಂಡ್ತಿ ಮಾಡಬಹುದಾ?" ಎಂದು ಕೇಳಿದರು. ಮಾಡಬಹುದು. ಆರ್‌ವಿ ಬೇಕಿಲ್ಲ, ಪರಿಚಯದವರ ಒಂದು ಟಂಟಂ ಅಥವಾ ಸಣ್ಣ ಗೂಡ್ಸ್ ಗಾಡಿ ಸಾಕು. ಎರಡು ನೀರಿನ ಕ್ಯಾನು, ಒಂದು ಚಾಪೆ, ಒಂದು ಛತ್ರಿ ಹಾಕಿಕೊಂಡು ಎಂಟೆಂಟು ಕಿಲೋಮೀಟರಿಗೆ ಮುಂದೆ ಹೋಗಿ ನಿಲ್ಲಲಿ. ಹೆದ್ದಾರಿಗೆ ಇಳಿಯಬೇಡಿ. ಮುಳವಾಡ ಏತ ನೀರಾವರಿಯ ಕಾಲುವೆ ದಂಡೆಗಳಲ್ಲಿ ಓಡಾಡಲು ಬರುವಂಥ ಭಾಗಗಳಿವೆ, ಲಾರಿಯ ಭಯವಿಲ್ಲ. ಆ ದಂಡೆಗಳನ್ನು ಇಲಾಖೆಯವರು ಫೀನಿಕ್ಸಿನಂತೆ ಒಂದಿಷ್ಟು ಹದ ಮಾಡಿ, ಅಪಾಯವಿದ್ದಲ್ಲಿ ತಡೆ ಕಟ್ಟಿ ಸೈಕಲ್ಲಿಗೆ ಬಿಟ್ಟರೆ ಈ ಮಕ್ಕಳೂ ಹೆದ್ದಾರಿಯಲ್ಲಿ ಜೀವ ಕೈಯಲ್ಲಿ ಹಿಡಿದು ಅಭ್ಯಾಸ ಮಾಡುವುದು ತಪ್ಪುತ್ತದೆ. ಇದನ್ನು ಬರೆದು ಕೊಡೋಣ ಎಂದರೆ ಸಹಿ ಹಾಕಲು ನಾನು ಮೊದಲನೆಯವಳು. ಡಿಸೆಂಬರ್, ಜನವರಿ ಒಳ್ಳೆಯ ಕಾಲ, ಹತ್ತು ಗಂಟೆಯೊಳಗೆ ಮನೆ ಸೇರುವ ಲೆಕ್ಕ ಇಟ್ಟುಕೊಳ್ಳಿ.

ಹೈಸ್ಕೂಲಿನ ಹುಡುಗಿಯೊಬ್ಬಳು ಕೇಳಿದ್ದು ನೆಗ್ಗಿಲು ಮುಳ್ಳಿನ ಬಗ್ಗೆ, ಟಾಯರಿನೊಳಗೆ ಹಾಕುವ ಸೀಲಂಟ್ ನಮ್ಮಲ್ಲಿ ಕೆಲಸ ಮಾಡುತ್ತದೆಯೇ ಎಂದು. ಮಾಡುತ್ತದೆ. ಟೂಸಾನಿನ ಸೈಕಲ್ ಅಂಗಡಿಯವನು ಹೇಳಿದ್ದು ಇಷ್ಟು: ಸೀಲಂಟ್ ಹಾಕಿದ ಟಾಯರಿನಲ್ಲಿ ಮುಳ್ಳು ಕಂಡ ಕೂಡಲೇ ಕಿತ್ತು ತೆಗೆಯಬೇಡಿ, ಮನೆ ಮುಟ್ಟಿದ ಮೇಲೆ ತೆಗೆದು, ಆ ಜಾಗ ಕೆಳಗೆ ಬರುವಂತೆ ಗಾಲಿ ತಿರುಗಿಸಿ, ಒಳಗಿನ ದ್ರವ ಹರಿದು ತೂತು ಮುಚ್ಚಿಕೊಳ್ಳುತ್ತದೆ. ಬಿಸಿ ಊರಿನಲ್ಲಿ ಆ ದ್ರವ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ಮತ್ತೆ ಹಾಕಬೇಕು. ಹಾಕಿದ್ದೇನೆ ಎಂದು ಟ್ಯೂಬು, ಪಂಪು ಮನೆಯಲ್ಲಿ ಬಿಟ್ಟು ಹೋಗಬೇಡಮ್ಮ.